ಅಟ್ಟದ ಮೇಲಿನ ಕ್ಯಾಸೆಟ್ಟು, ಎಕ್ಸ್‌ಬಾಕ್ಸ್ ಒಳಗಿನ ಕಾಂಟ್ರಾ

ದಾವಣಗೆರೆಯ ಮನೆಗಳಿಗೆ ನಿಂಟೆಂಡೊ ಬರಲಿಲ್ಲ. ಬಂದದ್ದು ಅದರ ನಕಲು. ತೊಂಬತ್ತರ ದಶಕದಲ್ಲಿ ಪಿ.ಜೆ. ಬಡಾವಣೆಯಿಂದ ನಿಟುವಳ್ಳಿಯವರೆಗೆ, ಅತ್ತ ಹರಿಹರದ ಕಾರ್ಖಾನೆ ನೌಕರರ ಮನೆಗಳವರೆಗೆ, ಬೇಸಿಗೆ ರಜೆ ಬಂತೆಂದರೆ ಟಿ.ವಿ.ಯ ಹಿಂದಿನ ಆಂಟೆನಾ ವೈರು ಕಿತ್ತು ಸಿಕ್ಕಿಸುತ್ತಿದ್ದ ಡಬ್ಬಿಗೆ ಎಲ್ಲರೂ ‘ವಿಡಿಯೋ ಗೇಮ್’ ಎಂದಷ್ಟೇ ಅನ್ನುತ್ತಿದ್ದರು. ಕೆಲವದರ ಮೇಲೆ ‘ಮೀಡಿಯಾ’ ಎಂದು ಅಚ್ಚಾಗಿರುತ್ತಿತ್ತು, ಕೆಲವದರ ಮೇಲೆ ಓದಲು ಬಾರದ ಚೀನೀ ಅಕ್ಷರ. ಅದರೊಳಗೆ ಒತ್ತುವ ಹಳದಿ ಪ್ಲಾಸ್ಟಿಕ್ಕಿಗೆ ನಾವು ಕ್ಯಾಸೆಟ್ ಎನ್ನುತ್ತಿದ್ದೆವು. ಅದರ ಮೇಲೆ ‘9999999 ಇನ್ 1’ ಎಂದಿರುತ್ತಿತ್ತು, ಅಂದರೆ ಕೋಟಿಗೆ ಒಂದೇ ಒಂದು ಕಡಿಮೆ. ಪಟ್ಟಿಯಲ್ಲಿ ಕೆಳಗಿಳಿದಂತೆ ಅದೇ ಮಾರಿಯೋ, ಅದೇ ಟ್ಯಾಂಕು, ಅದೇ ಬಾತುಕೋಳಿ ಬೇಟೆ ಮರಳಿ ಮರಳಿ ಬರುತ್ತಿದ್ದವು. ಒಂದರಲ್ಲಿ ಮೂರನೇ ಹಂತದಿಂದ ಶುರು, ಇನ್ನೊಂದರಲ್ಲಿ ಮೊದಲೇ ಬೇರೆ ಬಂದೂಕು, ಅಷ್ಟೇ ವ್ಯತ್ಯಾಸ.

ಆ ಡಬ್ಬಿ ಈಗ ಅಟ್ಟ ಸೇರಿದೆ, ಇಲ್ಲವೇ ಗುಜರಿಗೆ ಹೋಗಿದೆ. ಅದನ್ನು ಆಡಿದವರು ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರ ಮನೆಯ ಹಾಲ್‌ನಲ್ಲಿ ಮಕ್ಕಳಿಗೆಂದು ತಂದ ಎಕ್ಸ್‌ಬಾಕ್ಸ್ ಕೂತಿದೆ. ಹರಿಹರದಲ್ಲಿರುವ ನನ್ನ ಅಕ್ಕನ ಮಗ ಫೋನ್ ಮಾಡಿ ಕೇಳಿದ್ದೂ ಅದನ್ನೇ: “ಮಾಮ, ನೀವು ಆಡ್ತಿದ್ರಲ್ಲ ಕಾಂಟ್ರಾ, ಅದು ಇದ್ರಾಗ ಬರ್ತತಾ?” ಬರುತ್ತದೆ. ಹೇಗೆ ಬರುತ್ತದೆ, ಬಂದರೂ ನಾವು ಆಡಿದ ಹಾಗೆ ಏಕೆ ಇರುವುದಿಲ್ಲ, ಕಾನೂನು ಏನು ಹೇಳುತ್ತದೆ ಎಂಬುದು ಫೋನಿನಲ್ಲಿ ಮುಗಿಯುವ ಮಾತಲ್ಲ.

ಮೊದಲು ಎಮ್ಯುಲೇಟರ್ ಎಂದರೇನು ನೋಡೋಣ. ಒಂದು ಯಂತ್ರ ಹೇಗೆ ನಡೆದುಕೊಳ್ಳುತ್ತಿತ್ತೋ ಹಾಗೆಯೇ ಇನ್ನೊಂದು ಯಂತ್ರದೊಳಗೆ ನಡೆದುಕೊಳ್ಳುವ ಸಾಫ್ಟ್‌ವೇರ್ ಅದು. ಇದು ಆಟಕ್ಕಾಗಿ ಹುಟ್ಟಿದ ವಿದ್ಯೆಯಲ್ಲ. 1964ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಕಂಪ್ಯೂಟರುಗಳನ್ನು ಹೊರತಂದಾಗ, ಹಳೆಯ 1401 ಯಂತ್ರಕ್ಕೆ ಬರೆಸಿಕೊಂಡಿದ್ದ ಲೆಕ್ಕಪತ್ರದ ಪ್ರೋಗ್ರಾಂಗಳನ್ನು ಗಿರಾಕಿಗಳು ಎಸೆಯಬೇಕಾಗದಿರಲಿ ಎಂದು ಎಮ್ಯುಲೇಶನ್ ಸೌಲಭ್ಯ ಕೊಟ್ಟಿತ್ತು. ಆಟದ ಲೋಕಕ್ಕೆ ಅದು ಜೋರಾಗಿ ಬಂದದ್ದು ತೊಂಬತ್ತರ ದಶಕದ ನಡುವಿನಿಂದೀಚೆಗೆ.

ನಮ್ಮ ಡಬ್ಬಿಯ ಮೂಲಪುರುಷ ಫ್ಯಾಮಿಕಾಮ್. 1983ರ ಜುಲೈ 15ರಂದು ನಿಂಟೆಂಡೊ ಅದನ್ನು ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಅದರ ಮುಖ್ಯ ಚಿಪ್‌ನ ವೇಗ 1.79 ಮೆಗಾಹರ್ಟ್ಸ್, ಕೆಲಸಕ್ಕೆ 2 ಕೆಬಿ ಮೆಮೊರಿ, ಚಿತ್ರಕ್ಕೆ ಬೇರೆಯೇ ಒಂದು ಚಿಪ್, ಪರದೆಯಲ್ಲಿ 256×240 ಚುಕ್ಕಿ. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಪೂರ್ತಿ ಗಾತ್ರ 40 ಕೆಬಿ. ಎಂಟು ಲೋಕ, ಲೋಕಕ್ಕೆ ನಾಲ್ಕು ಹಂತ, ಹಾಡು, ಆಮೆ, ಅಣಬೆ, ಕೊನೆಗೆ ಸಿಗುವ ರಾಜಕುಮಾರಿ, ಎಲ್ಲ ಸೇರಿ. ಇಂದಿನ ಎಕ್ಸ್‌ಬಾಕ್ಸ್‌ಗೆ ಇದೊಂದು ಕೆಲಸವೇ ಅಲ್ಲ ಎನಿಸುತ್ತದೆ. ಶಕ್ತಿಯ ಮಾತಾದರೆ ನಿಜ. ಕಷ್ಟವಿರುವುದು ಆ ಹಳೆಯ ಚಿಪ್‌ಗಳು ಯಾವ ಕ್ಷಣಕ್ಕೆ ಏನು ಮಾಡುತ್ತಿದ್ದವೋ ಆ ಕ್ಷಣಕ್ಕೆ ಅದನ್ನೇ ಮಾಡಿ ತೋರಿಸುವುದರಲ್ಲಿ.

ಮಾರಿಯೋವನ್ನೇ ನೋಡಿ. ಅವನು ಓಡುವಾಗ ಹಿಂದಿನ ಗುಡ್ಡ, ಮೋಡ, ಇಟ್ಟಿಗೆ ಎಲ್ಲ ಎಡಕ್ಕೆ ಸರಿಯುತ್ತವೆ. ಪರದೆಯ ಮೇಲ್ತುದಿಯಲ್ಲಿರುವ ಅಂಕ, ನಾಣ್ಯ, ಸಮಯದ ಸಾಲು ಮಾತ್ರ ಅಲುಗುವುದಿಲ್ಲ. ಆದರೆ ಆ ಚಿತ್ರದ ಚಿಪ್‌ಗೆ ಪರದೆಯ ಒಂದು ಭಾಗ ನಿಲ್ಲಿಸಿ ಇನ್ನೊಂದನ್ನು ಸರಿಸುವ ಅನುಕೂಲವೇ ಇರಲಿಲ್ಲ. ಪ್ರೋಗ್ರಾಂ ಬರೆದವರು ಒಂದು ಉಪಾಯ ಹೂಡಿದರು. ಮೇಲಿನ ಸಾಲಿನಲ್ಲಿರುವ ಪುಟ್ಟ ನಾಣ್ಯದ ಕೆಳಗಿನ ಅಂಚಿನಲ್ಲಿ ಕಣ್ಣಿಗೆ ಬೀಳದ ಹಾಗೆ ಒಂದು ಚಿತ್ರತುಣುಕನ್ನು ಅಡಗಿಸಿಟ್ಟರು. ಟಿ.ವಿ.ಯ ಕಿರಣ ಗೆರೆ ಗೆರೆಯಾಗಿ ಇಳಿದು ಆ ತುಣುಕನ್ನು ಮುಟ್ಟಿದೊಡನೆ ಚಿಪ್ ಒಂದು ಸಂಕೇತ ಕೊಡುತ್ತದೆ. ಆಟ ಆ ಸಂಕೇತಕ್ಕಾಗಿಯೇ ಕಾದಿದ್ದು, ಅಲ್ಲಿಂದ ಕೆಳಗಿನದನ್ನಷ್ಟೇ ಸರಿಸುತ್ತದೆ. ಎಮ್ಯುಲೇಟರ್ ಬರೆಯುವವನು ಈ ಸಂಕೇತವನ್ನು ಮರೆತನೋ, ಆಟ ಕಾಯುತ್ತಲೇ ನಿಲ್ಲುತ್ತದೆ, ಮಾರಿಯೋ ಹೆಜ್ಜೆ ಎತ್ತುವುದಿಲ್ಲ. ಕಂಪನಿಯ ಯಾವ ಕೈಪಿಡಿಯೂ ಇಲ್ಲದೆ ಇಂಥದ್ದನ್ನೆಲ್ಲ ಪರೀಕ್ಷಿಸಿ ಪರೀಕ್ಷಿಸಿ ಕಂಡುಕೊಂಡ ಹವ್ಯಾಸಿಗಳಿಗೆ ನಾನಂತೂ ಕೈ ಮುಗಿಯುತ್ತೇನೆ.

ಹರಿಹರದವರಿಗೆ ಈ ಕೆಲಸ ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಕೆಗೆ ದೇಶದಲ್ಲೇ ಹೆಸರಾಗಿತ್ತು. ಕಾರ್ಖಾನೆಯ ಬಾಗಿಲು ಮುಚ್ಚಿ ಎಷ್ಟೋ ವರ್ಷವಾದರೂ ಅದರ ಲೇತ್‌ಗಳು ವರ್ಕ್‌ಶಾಪ್‌ಗಳಲ್ಲಿ ತಿರುಗುತ್ತಿವೆ. ಗೇರ್ ಸವೆದರೆ ಡ್ರಾಯಿಂಗ್ ಕೇಳಲು ಕಂಪನಿಯೇ ಇಲ್ಲ. ಟರ್ನರ್ ಸವೆದ ಗೇರನ್ನೇ ಸ್ಯಾಂಪಲ್ ಎಂದಿಟ್ಟುಕೊಂಡು, ವರ್ನಿಯರ್‌ನಲ್ಲಿ ಅಳೆದು, ಹಲ್ಲು ಎಣಿಸಿ, ಸವೆಯುವ ಮೊದಲು ಎಷ್ಟಿದ್ದಿರಬೇಕೆಂದು ಅಂದಾಜು ಮಾಡಿ ಹೊಸದು ಕತ್ತರಿಸುತ್ತಾನೆ. ಅವನು ಯಾರ ಡ್ರಾಯಿಂಗನ್ನೂ ಕದ್ದಿಲ್ಲ. ಎದುರಿಗಿದ್ದ ವಸ್ತುವನ್ನು ಓದಿದ್ದಾನೆ. ಎಮ್ಯುಲೇಟರ್ ಬರೆಯುವವರದ್ದೂ ಇದೇ ಕಸುಬು.

ಇನ್ನು ಎಕ್ಸ್‌ಬಾಕ್ಸ್‌ಗೆ ಬರೋಣ. ಬಹುಮಂದಿ ಬಳಸುವ ಸಾಫ್ಟ್‌ವೇರ್ ರೆಟ್ರೋಆರ್ಚ್. 2010ರಲ್ಲಿ ಬೇರೊಂದು ಹೆಸರಿನಲ್ಲಿ ಶುರುವಾಗಿ 2012ರಲ್ಲಿ ಈ ಹೆಸರು ಪಡೆಯಿತು. ಪೂರ್ತಿ ಉಚಿತ, ಮೂಲ ಕೋಡ್ ಎಲ್ಲರಿಗೂ ತೆರೆದದ್ದು. ಅದೊಂದು ಚೌಕಟ್ಟು ಮಾತ್ರ. ಒಂದೊಂದು ಹಳೆಯ ಯಂತ್ರಕ್ಕೂ ಒಂದೊಂದು ‘ಕೋರ್’ ಅದರೊಳಗೆ ಕೂರುತ್ತದೆ. ಎಕ್ಸ್‌ಬಾಕ್ಸ್‌ನ ಸ್ಟೋರ್‌ನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ, ಏಕೆಂದರೆ ಸ್ಟೋರ್ ನಿಯಮದಂತೆ ಕನ್ಸೋಲ್‌ನಲ್ಲಿ ಎಮ್ಯುಲೇಟರ್‌ಗೆ ಅವಕಾಶವಿಲ್ಲ. ಕೆಲವರು ಹಿಂಬಾಗಿಲಿನಿಂದ ಹಾಕಿಕೊಳ್ಳುತ್ತಿದ್ದರು; 2023ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನೂ ಮುಚ್ಚಿತು. ಆದರೆ ಮುಂಬಾಗಿಲು ಒಂದಿದೆ. ಎಕ್ಸ್‌ಬಾಕ್ಸ್ ಒನ್ ಮತ್ತು ಸೀರೀಸ್ ಎಸ್, ಎಕ್ಸ್ ಯಂತ್ರಗಳನ್ನು ಆಪ್ ಬರೆದು ಪರೀಕ್ಷಿಸುವವರಿಗೆಂದು ‘ಡೆವಲಪರ್ ಮೋಡ್’ಗೆ ತಿರುಗಿಸಿಕೊಳ್ಳಲು ಕಂಪನಿಯೇ ಅನುಮತಿ ಕೊಟ್ಟಿದೆ. ಯಂತ್ರ ಬಿಚ್ಚುವುದಿಲ್ಲ, ಬೆಸುಗೆ ಇಲ್ಲ, ಬೀಗ ಒಡೆಯುವುದಿಲ್ಲ.

ಕ್ರಮ ಹೀಗೆ. ಮೈಕ್ರೋಸಾಫ್ಟ್‌ನ ಪಾರ್ಟ್‌ನರ್ ಸೆಂಟರ್‌ನಲ್ಲಿ ಡೆವಲಪರ್ ಖಾತೆ ತೆರೆಯಬೇಕು. ಬಿಡಿ ವ್ಯಕ್ತಿಗಳಿಗೆ ಬಹುಕಾಲ ಒಂದು ಸಲದ ಶುಲ್ಕ 19 ಡಾಲರ್ ಇತ್ತು. ಬಳಿಕ ಕನ್ಸೋಲ್‌ನ ಸ್ಟೋರ್‌ನಿಂದ ‘ಎಕ್ಸ್‌ಬಾಕ್ಸ್ ಡೆವ್ ಮೋಡ್’ ಆಪ್ ಹಾಕಿಕೊಂಡರೆ ಪರದೆಯ ಮೇಲೆ ಒಂದು ಕೋಡ್ ಬರುತ್ತದೆ. ಅದನ್ನು ಖಾತೆಯಲ್ಲಿ ನಮೂದಿಸಿದ ಮೇಲೆ ಯಂತ್ರ ರೀಸ್ಟಾರ್ಟ್ ಆಗಿ ‘ಡೆವ್ ಹೋಮ್’ ಎಂಬ ಬೋಳು ಪರದೆ ತೆರೆಯುತ್ತದೆ. ಅಲ್ಲಿ ರಿಮೋಟ್ ಆಕ್ಸೆಸ್ ಆನ್ ಮಾಡಿದರೆ ಒಂದು ವಿಳಾಸ ಕಾಣುತ್ತದೆ, ಕೊನೆಯಲ್ಲಿ 11443 ಎಂಬ ಅಂಕಿಯೊಂದಿಗೆ. ಅದೇ ವೈಫೈನಲ್ಲಿರುವ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಆ ವಿಳಾಸ ಹಾಕಿದಾಗ ‘ಈ ಜಾಗ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಅದು ನಿಮ್ಮದೇ ಮನೆಯ ಯಂತ್ರವಾದ್ದರಿಂದ ಗಾಬರಿ ಬೇಡ, ಮುಂದುವರಿಯಬಹುದು. ಅಲ್ಲಿಂದ ರೆಟ್ರೋಆರ್ಚ್‌ನ ಎಕ್ಸ್‌ಬಾಕ್ಸ್ ಪ್ಯಾಕೇಜನ್ನೂ ಅದಕ್ಕೆ ಬೇಕಾದ ಪೂರಕ ಫೈಲುಗಳನ್ನೂ ಕಳಿಸಿದರೆ ಇನ್‌ಸ್ಟಾಲ್ ಮುಗಿಯಿತು.

ಮುಗಿಯಿತು ಎಂದುಕೊಂಡವರು ಸಾಮಾನ್ಯವಾಗಿ ಎಡವುವ ಜಾಗ ಎರಡಿವೆ. ಒಂದು, ಡೆವ್ ಹೋಮ್‌ನಲ್ಲಿ ರೆಟ್ರೋಆರ್ಚ್‌ನ ವಿವರ ತೆರೆದು ಅದರ ಬಗೆಯನ್ನು ‘ಆಪ್’ನಿಂದ ‘ಗೇಮ್’ ಎಂದು ಬದಲಿಸಬೇಕು. ಆಪ್ ಎಂದಿದ್ದರೆ ಯಂತ್ರ ಅದಕ್ಕೆ ಮೆಮೊರಿ ಕೊಡುವುದರಲ್ಲಿ ಕೈ ಬಿಗಿ ಹಿಡಿಯುತ್ತದೆ. ಮಾರಿಯೋಗೆ ಅದೂ ಹೆಚ್ಚೇ, ಆದರೆ ಪ್ಲೇಸ್ಟೇಷನ್ 2ರ ಕಾಲದ ಆಟಗಳಿಗೆ ಸಾಲದು. ಇನ್ನೊಂದು ಪೆನ್‌ಡ್ರೈವ್. ಆಟದ ಫೈಲು ತುಂಬಿದ ಡ್ರೈವ್ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಅಷ್ಟೇ ಸಾಲದೆ, ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಅದರ ಸೆಕ್ಯುರಿಟಿ ಪಟ್ಟಿಗೆ ‘ಆಲ್ ಅಪ್ಲಿಕೇಶನ್ ಪ್ಯಾಕೇಜಸ್’ ಎಂಬ ಬಳಕೆದಾರರನ್ನು ಸೇರಿಸಿ ಪೂರ್ಣ ಅನುಮತಿ ಕೊಡಬೇಕು. ಕೊಡದಿದ್ದರೆ ಡ್ರೈವ್ ಕಾಣುತ್ತದೆ, ಒಳಗೆ ಖಾಲಿ ಎನ್ನುತ್ತದೆ. ಅಕ್ಕನ ಮಗ ಅರ್ಧ ಭಾನುವಾರ ಇಲ್ಲೇ ಕಳೆದು, ಡ್ರೈವೇ ಹಾಳಾಗಿದೆ ಎಂದು ತೀರ್ಮಾನಿಸಿ ಹೊಸದು ತರಲು ಹೊರಟಿದ್ದ.

ಡೆವಲಪರ್ ಮೋಡ್‌ನಲ್ಲಿದ್ದಾಗ ಮಾಮೂಲಿ ಆಟಗಳು ತೆರೆಯುವುದಿಲ್ಲ. ಅವೇನೂ ಅಳಿಸಿಹೋಗಿರುವುದಿಲ್ಲ, ‘ಲೀವ್ ಡೆವ್ ಮೋಡ್’ ಒತ್ತಿದರೆ ಯಂತ್ರ ಮತ್ತೆ ರೀಸ್ಟಾರ್ಟ್ ಆಗಿ ಹಳೆಯ ರೂಪಕ್ಕೆ ಬರುತ್ತದೆ. ಮನೆಯಲ್ಲಿ ಕ್ರಿಕೆಟ್ ಆಟದ ಹುಚ್ಚಿನ ಇನ್ನೊಬ್ಬ ಮಗನಿದ್ದರೆ ಇದನ್ನು ಮೊದಲೇ ಹೇಳಿಟ್ಟಿರುವುದು ಒಳ್ಳೆಯದು.

ಆಟ ಶುರುವಾಯಿತು. ಆಗ ನನ್ನ ವಯಸ್ಸಿನವರಿಗೆ ಒಂದು ಕಸಿವಿಸಿ. ಮಾರಿಯೋ ಏನೋ ಅವಸರದಲ್ಲಿದ್ದಾನೆ, ಹಾಡು ಓಡುತ್ತಿದೆ. ವಯಸ್ಸಾಯಿತು, ಕೈ ನಿಧಾನವಾಯಿತು ಎಂದು ನಗುವವರಿದ್ದಾರೆ. ಕಾರಣ ಅದಲ್ಲ. ಜಪಾನ್ ಮತ್ತು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಟಿ.ವಿ. ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿತ್ತು. ನಮ್ಮ ದೇಶದ್ದು ಪಾಲ್ ಪದ್ಧತಿ, ಸೆಕೆಂಡಿಗೆ 50. ಈ ಆಟಗಳು ಕಾಲವನ್ನು ಅಳೆಯುವುದೇ ಚಿತ್ರ ಎಣಿಸಿ. ಪಾಲ್ ದೇಶಗಳಿಗೆಂದು ತೈವಾನ್, ಚೀನಾದಲ್ಲಿ ತಯಾರಾದ ಹೆಚ್ಚಿನ ನಕಲಿ ಯಂತ್ರಗಳು 60ರ ಲೆಕ್ಕದಲ್ಲಿ ಬರೆದ ಜಪಾನೀ ಆಟವನ್ನೇ 50ರಲ್ಲಿ ಓಡಿಸುತ್ತಿದ್ದವು. ಅಂದರೆ ನಿಜವಾದ ವೇಗದ ಆರರಲ್ಲಿ ಐದು ಪಾಲು. ಮಾರಿಯೋದಲ್ಲಿ 400ರಿಂದ ಇಳಿಯುವ ಸಮಯ ಜಪಾನಿನ ಹುಡುಗನಿಗೆ ಸುಮಾರು 160 ಸೆಕೆಂಡಿನಲ್ಲಿ ಮುಗಿದರೆ ದಾವಣಗೆರೆಯ ಹುಡುಗನಿಗೆ ಸುಮಾರು 192 ಸೆಕೆಂಡು ಸಿಗುತ್ತಿತ್ತು. ಆ ಆಟ ಮಾಡಿದವರು ಉದ್ದೇಶಿಸಿದ ವೇಗವನ್ನು ನಾವು ಬಾಲ್ಯದಲ್ಲಿ ಕಂಡೇ ಇರಲಿಲ್ಲ.

ರೆಟ್ರೋಆರ್ಚ್‌ನಲ್ಲಿ ಎಫ್‌ಸಿಇಯುಎಂಎಂ ಅಥವಾ ಮೆಸೆನ್ ಕೋರ್ ಹಾಕಿಕೊಂಡು, ಕೋರ್ ಆಯ್ಕೆಗಳಲ್ಲಿ ‘ರೀಜನ್’ ತೆರೆದರೆ ಎನ್‌ಟಿಎಸ್‌ಸಿ, ಪಾಲ್ ಜೊತೆಗೆ ‘ಡೆಂಡಿ’ ಎಂಬ ಮೂರನೆಯದೂ ಇರುತ್ತದೆ. ಡೆಂಡಿ ಎಂಬುದು 1992ರಲ್ಲಿ ರಷ್ಯಾದಲ್ಲಿ ಮಾರಾಟಕ್ಕೆ ಬಂದ, ನಮ್ಮದೇ ಜಾತಿಯ ನಕಲಿ ಯಂತ್ರದ ಹೆಸರು. ಅಲ್ಲಿ ಅದು ಮನೆಮಾತಾಗಿದ್ದರಿಂದ ಎಮ್ಯುಲೇಟರ್ ಬರೆದವರು ಈ ಬಗೆಯ ವೇಗಕ್ಕೆ ಅದರ ಹೆಸರನ್ನೇ ಇಟ್ಟರು. ಡೆಂಡಿ ಆರಿಸಿ, ಹಾಡು ನಿಧಾನವಾಗುತ್ತದೆ, ಕಾಂಟ್ರಾದ ಗುಂಡು ಕಣ್ಣಿಗೆ ನಿಲುಕುತ್ತದೆ. ಅಕ್ಕನ ಮಗನಿಗೆ ಇದು ಜಡ ಎನಿಸಿತು, ವಾಪಸ್ 60ಕ್ಕೆ ಹಾಕಿಕೊಂಡ. ಅವನು ಮಾಡಿದ್ದೇ ಸರಿ. ಕಾಂಟ್ರಾ ತಯಾರಿಸಿದ ಕೊನಾಮಿ ಕಂಪನಿಯ ಮೂಲ ಆಟ ಇರುವುದು ಆ ವೇಗದಲ್ಲಿ. ಆದರೆ ನಾನು ಆಡುವಾಗ ಡೆಂಡಿಯನ್ನೇ ಹಾಕುತ್ತೇನೆ.

ಕಾಂಟ್ರಾದಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಒತ್ತಿದರೆ 30 ಜೀವ ಸಿಗುತ್ತದೆಂಬುದು ಆ ಕಾಲದಲ್ಲಿ ಓಣಿಯ ಗುಟ್ಟು. ಕೊನಾಮಿಯ ಕಜುಹಿಸಾ ಹಶಿಮೊಟೊ 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಫ್ಯಾಮಿಕಾಮ್‌ಗೆ ಹೊಂದಿಸುವಾಗ, ಪೂರ್ತಿ ಆಡಿ ಪರೀಕ್ಷಿಸುವುದು ತನಗೇ ಕಷ್ಟವಾಗಿ ಇಟ್ಟುಕೊಂಡ ಅಡ್ಡದಾರಿ ಅದು. ಎಮ್ಯುಲೇಟರ್‌ನಲ್ಲಿ ಅದಕ್ಕೆ ಬೆಲೆಯಿಲ್ಲ, ಬೇಕಾದಲ್ಲಿ ಆಟ ಉಳಿಸಿಕೊಳ್ಳಬಹುದು, ಸತ್ತರೆ ಹಿಂದಕ್ಕೆ ಸುತ್ತಬಹುದು. ನನ್ನ ಮಟ್ಟಿಗೆ ಹಿಂದಕ್ಕೆ ಸುತ್ತುವ ಸೌಲಭ್ಯ ಕಾಂಟ್ರಾದ ಜೀವ ತೆಗೆಯುತ್ತದೆ.

ಬಾತುಕೋಳಿ ಬೇಟೆಯ ಬಂದೂಕಿನ ವಿಷಯ ಬೇರೆ. ಅಟ್ಟದಿಂದ ಹಳೆಯ ಯಂತ್ರವನ್ನೇ ಇಳಿಸಿ ಎಲ್‌ಇಡಿ ಟಿ.ವಿ.ಗೆ ಜೋಡಿಸಿದರೂ ಅದು ಗುರಿ ಹಿಡಿಯುವುದಿಲ್ಲ. ಟ್ರಿಗರ್ ಎಳೆದೊಡನೆ ಆಟ ಪರದೆಯನ್ನು ಒಂದು ಕ್ಷಣ ಪೂರ್ತಿ ಕಪ್ಪಾಗಿಸಿ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ತೋರಿಸುತ್ತದೆ. ಬಂದೂಕಿನ ಮೂತಿಯಲ್ಲಿರುವ ಸೆನ್ಸರ್ ಕಪ್ಪಿನ ಬೆನ್ನಿಗೆ ಬಿಳಿ ಕಂಡರೆ ಗುಂಡು ತಾಗಿದ ಲೆಕ್ಕ. ಟ್ಯೂಬ್‌ಲೈಟಿಗೆ ಗುರಿಯಿಟ್ಟು ಮೋಸ ಮಾಡುವವರನ್ನು ಹಿಡಿಯಲೆಂದೇ ಆ ಕಪ್ಪು. ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ. ಬಂದ ಚಿತ್ರವನ್ನು ತಡವಿಲ್ಲದೆ ಬರೆಯುತ್ತಿತ್ತು. ಈಗಿನದು ಚಿತ್ರವನ್ನು ಒಳಗೆ ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಬಿಳಿ ನೋಡಬೇಕಾದ ಗಳಿಗೆ ದಾಟಿರುತ್ತದೆ. ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಹಾಕಿದರೆ ಈ ತಡ ಕಡಿಮೆಯಾಗಿ ಮಾರಿಯೋನ ಜಿಗಿತ ಸರಿಹೋಗುತ್ತದೆ, ಬಂದೂಕು ಮಾತ್ರ ಸರಿಹೋಗುವುದಿಲ್ಲ.

ಈಗ ಎಲ್ಲರೂ ಜಾರಿಕೊಳ್ಳುವ ಪ್ರಶ್ನೆ: ಆಟದ ಫೈಲು ಎಲ್ಲಿಂದ? ಎಮ್ಯುಲೇಟರ್ ಮಟ್ಟಿಗೆ ಗೊಂದಲ ಕಡಿಮೆ. ಪ್ಲೇಸ್ಟೇಷನ್ ಆಟಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ಸಾಫ್ಟ್‌ವೇರ್ ಮಾಡಿದ ಕನೆಕ್ಟಿಕ್ಸ್ ಕಂಪನಿಯ ಮೇಲೆ ಸೋನಿ ಹೂಡಿದ ಮೊಕದ್ದಮೆಯಲ್ಲಿ, ಯಂತ್ರದ ಕೆಲಸ ಅರಿಯಲು ನಡೆಸಿದ ವಿಶ್ಲೇಷಣೆ ನ್ಯಾಯಯುತ ಬಳಕೆ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಹೇಳಿತು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಕೂಡ ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ ಅಭ್ಯಾಸ ಮಾಡುವುದಕ್ಕೆ ಜಾಗ ಬಿಟ್ಟಿದೆ. ಆದರೆ ಆಟ ಬೇರೆ ಮಾತು. ಅದರ ಮೇಲೆ ಕಂಪನಿಯ ಹಕ್ಕು ಇನ್ನೂ ಜೀವಂತ. ನಕಲಿ ಪ್ರೋಗ್ರಾಂ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸುವವರಿಗೆ 63ಬಿ ಕಲಮಿನಲ್ಲಿ ಶಿಕ್ಷೆಯೂ ಇದೆ, ಏಳು ದಿನದಿಂದ ಮೂರು ವರ್ಷದವರೆಗೆ ಜೈಲು.

‘ನನ್ನ ಹತ್ತಿರ ಕ್ಯಾಸೆಟ್ ಇತ್ತು, ಹಾಗಾಗಿ ಡೌನ್‌ಲೋಡ್ ಮಾಡಿಕೊಂಡರೆ ತಪ್ಪಿಲ್ಲ’ ಎಂಬುದು ಲೋಕದ ಎಲ್ಲ ಕಡೆ ಕೇಳಿಬರುವ ವಾದ. ಅಮೆರಿಕದವನ ಬಾಯಲ್ಲೇ ಅದು ದುರ್ಬಲ. ನಮ್ಮ ಬಾಯಲ್ಲಿ ನಿಲ್ಲುವುದೇ ಇಲ್ಲ. ಅದೇ 52ನೇ ಕಲಮು ಬ್ಯಾಕಪ್ ಪ್ರತಿ ಮಾಡಿಕೊಳ್ಳುವ ಹಕ್ಕು ಕೊಡುವುದು ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವನಿಗೆ. ನಮ್ಮ ಹಳದಿ ಕ್ಯಾಸೆಟ್ಟಿನ ಒಂದು ಪೈಸೆಯೂ ಕೊನಾಮಿಗೋ ನಿಂಟೆಂಡೊಗೋ ಹೋಗಿರಲಿಲ್ಲ. ಅಪ್ಪ ದುಡ್ಡು ಕೊಟ್ಟಿದ್ದು ನಿಜ, ರಸೀದಿಯೂ ಇದ್ದಿರಬಹುದು, ಕೊಂಡದ್ದು ಮಾತ್ರ ಕದ್ದ ಮಾಲು. ಈಗ ಆನ್‌ಲೈನ್‌ನಲ್ಲಿ ‘ಹತ್ತು ಸಾವಿರ ಆಟ’ ಎಂದು ಮಾರುವ ಗೇಮ್ ಸ್ಟಿಕ್‌ಗಳು ಅದೇ ಕ್ಯಾಸೆಟ್ಟಿನ ಮೊಮ್ಮಕ್ಕಳು. ಹಲವದರ ಒಳಗಿರುವುದು ಉಚಿತ ರೆಟ್ರೋಆರ್ಚ್, ಜೊತೆಗೆ ವ್ಯಾಪಾರಕ್ಕೆ ಬಳಸಬಾರದೆಂದು ಬರೆದವರೇ ಷರತ್ತು ಹಾಕಿರುವ ಕೋರ್‌ಗಳು. ಆಟದ ಕಂಪನಿಗೂ ಇಲ್ಲ, ಎಮ್ಯುಲೇಟರ್ ಬರೆದವರಿಗೂ ಇಲ್ಲ, ದುಡ್ಡೆಲ್ಲ ಡಬ್ಬಿ ಕಟ್ಟಿದವನಿಗೆ.

ನೇರ ದಾರಿಯೂ ಇದೆ. ಕೊನಾಮಿ 2019ರಲ್ಲಿ ಹಳೆಯ ಕಾಂಟ್ರಾ ಆಟಗಳನ್ನು ಒಟ್ಟುಮಾಡಿ ‘ಕಾಂಟ್ರಾ ಆನಿವರ್ಸರಿ ಕಲೆಕ್ಷನ್’ ಎಂದು ಎಕ್ಸ್‌ಬಾಕ್ಸ್‌ಗೂ ತಂದಿತು. ಡೆವಲಪರ್ ಮೋಡ್‌ನ ಗೋಜೇ ಬೇಡ. ಎಮ್ಯುಲೇಟರ್‌ನಲ್ಲೇ ಆಡಬೇಕೆಂದರೆ ಫ್ಯಾಮಿಕಾಮ್‌ಗೆ ಈಗಲೂ ಹೊಸ ಆಟ ಬರೆಯುವವರಿದ್ದಾರೆ. ಮಾರ್ಫ್‌ಕ್ಯಾಟ್ ಗೇಮ್ಸ್ 2019ರಲ್ಲಿ ‘ಮೈಕ್ರೋ ಮೇಜಸ್’ ಎಂಬ ಆಟವನ್ನು ಮಾರಿಯೋನಷ್ಟೇ 40 ಕೆಬಿಯೊಳಗೆ ಹಿಡಿಸಿತು. ನಾಲ್ವರು ಒಟ್ಟಿಗೆ ಗೋಪುರ ಹತ್ತುವ ಆಟ. ದುಡ್ಡು ಕೊಟ್ಟರೆ ಆಟದ ಫೈಲನ್ನೇ ಕೈಗೆ ಕೊಡುತ್ತಾರೆ, ಯಾವ ಎಮ್ಯುಲೇಟರ್‌ಗಾದರೂ ಹಾಕಿಕೊಳ್ಳಿ ಎಂದು.

ಹರಿಹರದಲ್ಲಿ ಕೊನೆಗೆ ನಿಂತದ್ದು ಅದೇ. ಅಕ್ಕನ ಮಗ, ಅವನ ತಂಗಿ, ನಾನು. ನಾಲ್ಕನೆಯವಳಾಗಿ ಮಂಡಕ್ಕಿ ಮಿರ್ಚಿ ತಟ್ಟೆ ಹಿಡಿದು ಬಂದ ಅಕ್ಕನನ್ನೂ ಕೂರಿಸಿದೆವು. “ಎಣ್ಣಿ ಕೈಯಾಗ ರಿಮೋಟ್ ಮುಟ್ಟಬ್ಯಾಡ್ರಿ” ಎಂದು ಬೈದವಳೇ ಎಲ್ಲರಿಗಿಂತ ಮೊದಲು ಮೇಲೆ ಹತ್ತಿದಳು. ಒಂದು ಮಾತು ಬಿಟ್ಟುಹೋಗಿತ್ತು: ಮೂರನೆಯ, ನಾಲ್ಕನೆಯ ರಿಮೋಟ್ ತಾನಾಗಿ ಕೆಲಸ ಮಾಡದಿದ್ದರೆ ಕೋರ್‌ನ ಕಂಟ್ರೋಲ್ಸ್ ಪಟ್ಟಿಗೆ ಹೋಗಿ ಆ ಎರಡು ಪೋರ್ಟ್‌ಗಳಿಗೂ ಗೇಮ್‌ಪ್ಯಾಡ್ ಎಂದು ಆರಿಸಬೇಕು.